ಹಳೆಯ ಸಿನಿಮಾದ ಹೊಸ ಡಿಸ್ಕು: ಯಾವುದು ಶುದ್ಧಪಾಠ?

ಹಳೆಯ ಸಿನಿಮಾಗಳ ಡಿಸ್ಕ್ ಕೂಡಿಡುವ ಗೀಳು ಹತ್ತಿದ ಇಬ್ಬರು ಒಂದೆಡೆ ಸೇರಿದರೆಂದರೆ ಮಾತು ಕಥೆಯ ಮೇಲಾಗಲಿ ನಟನೆಯ ಮೇಲಾಗಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯಾವ ಸಂಸ್ಥೆ ಹೊರತಂದ ಆವೃತ್ತಿ, ಸ್ಕ್ಯಾನ್ ಮಾಡಿದ್ದು ನೆಗೆಟಿವ್‌ನಿಂದಲೋ ಸವೆದ ಪ್ರಿಂಟಿನಿಂದಲೋ, ಚೌಕಟ್ಟಿನ ಅಳತೆ ಸರಿಯಿದೆಯೋ, ಬಣ್ಣ ಹಸಿರಿಗೆ ವಾಲಿದೆಯೋ, ಗ್ರೇನ್ ಎಂಬ ಫಿಲ್ಮಿನ ಸಣ್ಣ ಕಾಳು ಉಳಿದಿದೆಯೋ ಒರೆಸಿಹಾಕಿದ್ದಾರೋ ಎಂಬಲ್ಲಿಗೆ ಅದು ಬಂದೇ ಬರುತ್ತದೆ. ಹೊರಗಿನವರಿಗೆ ಇದು ಅತಿಯೆನಿಸುವುದು ಸಹಜ. ಮನೆಯವರಂತೂ ಸಿನಿಮಾ ನೋಡುವುದು ಬಿಟ್ಟು ಚುಕ್ಕಿ ಎಣಿಸುತ್ತೀರಿ ಎಂದು ಹಂಗಿಸುತ್ತಾರೆ. ಹಂಗಿಸಲಿ. ಚುಕ್ಕಿ ಎಣಿಸುವವರು ಇಲ್ಲದೆ ಹೋಗಿದ್ದರೆ ಈಗ ನಾವು ಮನೆಯಲ್ಲಿ ಕುಳಿತು ನೋಡುತ್ತಿರುವ ಎಷ್ಟೋ ಚಿತ್ರಗಳು ಈ ಗುಣಮಟ್ಟದಲ್ಲಿ ನಮಗೆ ದಕ್ಕುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಹಳಗನ್ನಡ ಕಾವ್ಯವನ್ನು ಸ್ವಲ್ಪವಾದರೂ ಶ್ರದ್ಧೆಯಿಂದ ಓದಿದವರಿಗೆ ಈ ಚರ್ಚೆಯ ಸ್ವರೂಪ ಅಪರಿಚಿತವೇನಲ್ಲ. ಪಂಪನ ಕೈಬರಹದ ಪ್ರತಿ ನಮ್ಮ ಕಾಲದವರೆಗೆ ಉಳಿದು ಬಂದಿಲ್ಲ. ಉಳಿದು ಬಂದದ್ದು ಮುಂದಿನ ಕಾಲದ ಲಿಪಿಕಾರರು ಮಾಡಿಕೊಂಡ ಓಲೆಗರಿಯ ಪ್ರತಿಗಳು, ಅವುಗಳಲ್ಲಿ ಒಂದರಲ್ಲಿ ಗರಿ ಮುರಿದಿದೆ, ಇನ್ನೊಂದರಲ್ಲಿ ಅಕ್ಷರ ತಪ್ಪಿದೆ, ಮತ್ತೊಂದರಲ್ಲಿ ಬರೆದವನೇ ಜಾಣತನದಿಂದ ಒಂದು ಪದವನ್ನು ತಿದ್ದಿದ್ದಾನೆ. ಇವನ್ನೆಲ್ಲ ಮುಂದಿಟ್ಟುಕೊಂಡು ಕವಿಯ ಪಾಠ ಇದಿರಬಹುದೆಂದು ನಿರ್ಣಯಿಸುವುದು, ಒಪ್ಪದ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಸಂಪಾದಕನ ಕೆಲಸ. ಡಿ.ಎಲ್. ನರಸಿಂಹಾಚಾರ್ ಈ ಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಒಂದು ಇಡೀ ಗ್ರಂಥವನ್ನೇ ಬರೆದಿದ್ದಾರೆ. ಹಳೆಯ ಸಿನಿಮಾವೊಂದರ ಡಿಸ್ಕ್ ಹೊರತರುವವರೂ ಮಾಡುವುದು ಇದೇ ಕೆಲಸವನ್ನು, ಆದ್ದರಿಂದ ಅವರನ್ನು ಅಳೆಯಬೇಕಾದದ್ದೂ ಇದೇ ಕೋಲಿನಿಂದ ಎಂಬುದು ನನ್ನ ವಾದ.

ಸಿನಿಮಾದ ಹಸ್ತಪ್ರತಿ ಪರಂಪರೆ ಹೀಗಿದೆ. ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಒಂದೇ ಇರುತ್ತದೆ. ಅದರಿಂದ ಫೈನ್‌ಗ್ರೇನ್ ಮಾಸ್ಟರ್ ಎಂಬ ಪಾಸಿಟಿವ್, ಅದರಿಂದ ನಕಲು ನೆಗೆಟಿವ್, ಅದರಿಂದ ಚಿತ್ರಮಂದಿರಗಳಿಗೆ ಹೋಗುವ ಪ್ರಿಂಟುಗಳು. ಒಂದೊಂದು ಮೆಟ್ಟಿಲು ಇಳಿದಾಗಲೂ ನೆರಳಿನ ಒಳಗಿನ ವಿವರ ಒಂದಿಷ್ಟು ಮುಚ್ಚುತ್ತದೆ, ಬೆಳಕಿನ ಭಾಗ ಒಂದಿಷ್ಟು ಸುಟ್ಟು ಬಿಳುಪಾಗುತ್ತದೆ, ಅಂಚುಗಳು ಮೊಂಡಾಗುತ್ತವೆ. ಪ್ರಿಂಟಿನ ಮೇಲೆ ಪ್ರೊಜೆಕ್ಟರ್ ಎಳೆದ ಗೀರುಗಳು ಬೇರೆ. ಡಿಸ್ಕಿನ ಹೊದಿಕೆಯ ಮೇಲೆ '4ಕೆ' (ಅಗಲದಲ್ಲಿ ಸುಮಾರು ನಾಲ್ಕು ಸಾವಿರ ಚುಕ್ಕಿಗಳ ಸೂಕ್ಷ್ಮತೆ) ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಒಳಗಿರುವುದು ಒಳ್ಳೆಯ ಪಾಠವೆಂದು ಅರ್ಥವಲ್ಲ. ಸವೆದ ಪ್ರಿಂಟನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಸವೆತವೇ 4ಕೆಯಲ್ಲಿ ಕಾಣುತ್ತದೆ. ಹಾಗಾಗಿ ಹೊಸ ಆವೃತ್ತಿಯೊಂದು ಬಂದಾಗ ನಾನು ಮೊದಲು ಹುಡುಕುವುದು ಒಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿರುವ ಆಕರದ ವಿವರವನ್ನು. ಅದನ್ನು ಮುದ್ರಿಸದ ಸಂಸ್ಥೆಯ ಮೇಲೆ ನನಗೆ ಅನುಮಾನ ಹುಟ್ಟುತ್ತದೆ.

ಆಕರದ ಮಾತು ಬಂದಾಗ ಸತ್ಯಜಿತ್ ರಾಯ್ ಅವರ ಅಪು ತ್ರಿವಳಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 'ಪಥೇರ್ ಪಾಂಚಾಲಿ' 1955ರಲ್ಲಿ, 'ಅಪರಾಜಿತೋ' 1956ರಲ್ಲಿ, 'ಅಪುರ್ ಸಂಸಾರ್' 1959ರಲ್ಲಿ ಬಂದವು. ರಾಯ್ 1992ರಲ್ಲಿ ಗೌರವ ಆಸ್ಕರ್ ಪಡೆದು ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಕಾಪಾಡಬೇಕೆಂಬ ಪ್ರಯತ್ನದ ಭಾಗವಾಗಿಯೇ ಮೂಲ ನೆಗೆಟಿವ್‌ಗಳು ಲಂಡನ್ನಿನ ಹೆಂಡರ್ಸನ್ಸ್ ಲ್ಯಾಬೊರೇಟರಿಗೆ ಹೋಗಿದ್ದವು, ಮತ್ತು 1993ರ ಜುಲೈಯಲ್ಲಿ ಅಲ್ಲಿ ಹತ್ತಿಕೊಂಡ ಬೆಂಕಿಯಲ್ಲಿ ಸಿಕ್ಕಿಕೊಂಡವು. ಕಾಪಾಡಲು ಕಳಿಸಿದ ಜಾಗದಲ್ಲೇ ಸುಟ್ಟವು ಎಂಬುದನ್ನು ಇವತ್ತಿಗೂ ಸಂಕಟವಿಲ್ಲದೆ ಬರೆಯಲು ನನ್ನಿಂದಾಗದು. ಸುಟ್ಟು, ಸುರುಟಿ, ಅಂಚು ಕರಗಿ ಅಂಟಿಕೊಂಡ ಆ ಸುರುಳಿಗಳನ್ನು ಯಾರೂ ಎಸೆಯಲಿಲ್ಲ. ಯಾವ ಪ್ರಯೋಗಶಾಲೆಯ ಯಂತ್ರಕ್ಕೂ ಹಾಕಲು ಬಾರದ ಸ್ಥಿತಿಯಲ್ಲೇ ಅವು ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯ ಸಂಗ್ರಹಾಲಯದ ಕಪಾಟಿನಲ್ಲಿ ಇಪ್ಪತ್ತು ವರ್ಷ ಉಳಿದವು.

2013ರಲ್ಲಿ, ಹಳೆಯ ಚಿತ್ರಗಳ ಡಿಸ್ಕ್ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಈ ಕೆಲಸಕ್ಕೆ ಕೈಹಾಕಿದಾಗ ಸುರುಳಿಗಳು ಇಟಲಿಯ ಬೊಲೊನ್ಯಾ ನಗರದ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಶಾಲೆಗೆ ಹೋದವು. ಒಣಗಿ ಸೆಡೆತುಕೊಂಡ ಫಿಲ್ಮಿಗೆ ರಾಸಾಯನಿಕದಿಂದ ಮತ್ತೆ ತೇವ ಕೊಟ್ಟು ಮೆತ್ತಗೆ ಮಾಡಿದರು. ಕರಗಿ ಮೆತ್ತಿಕೊಂಡಿದ್ದ ಅಂಟನ್ನೂ ಟೇಪನ್ನೂ ಬಿಡಿಸಿದರು. ಯಂತ್ರದ ಹಲ್ಲಿಗೆ ಸಿಕ್ಕಿಕೊಳ್ಳಬೇಕಾದ ಪಕ್ಕದ ತೂತುಗಳು ಹರಿದು ಹೋಗಿದ್ದ ಕಡೆ ಅಂಚುಗಳನ್ನು ಕೈಯಿಂದ ಮತ್ತೆ ಕಟ್ಟಿದರು. ಈ ಕೈಕೆಲಸಕ್ಕೇ ಸುಮಾರು ಸಾವಿರ ಗಂಟೆ ಹಿಡಿಯಿತು. ಕಟ್ಟಕಡೆಗೆ 'ಪಥೇರ್ ಪಾಂಚಾಲಿ'ಯ ಶೇಕಡಾ 40ರಷ್ಟು, 'ಅಪರಾಜಿತೋ'ದ ಶೇಕಡಾ 60ಕ್ಕೂ ಹೆಚ್ಚು ಭಾಗ ಸುಟ್ಟ ಮೂಲ ನೆಗೆಟಿವ್‌ನಿಂದಲೇ ಸಿಕ್ಕಿತು. 'ಅಪುರ್ ಸಂಸಾರ್'ದ ಉಳಿದಿದ್ದ ಎರಡು ರೀಲುಗಳು ಬಳಸಲು ಬಾರದಷ್ಟು ಹಾಳಾಗಿದ್ದವು, ಅದನ್ನು ಪೂರ್ತಿಯಾಗಿ ಫೈನ್‌ಗ್ರೇನ್ ಮಾಸ್ಟರ್ ಮತ್ತು ನಕಲು ನೆಗೆಟಿವ್‌ಗಳಿಂದ ಕಟ್ಟಬೇಕಾಯಿತು. ಮಿಕ್ಕ ಭಾಗಗಳಿಗಾಗಿ ಅಕಾಡೆಮಿ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಹಾರ್ವರ್ಡ್‌ನ ಸಂಗ್ರಹ, ಜಾನಸ್ ಫಿಲ್ಮ್ಸ್ ಮುಂತಾದ ಕಡೆಗಳಲ್ಲಿ ಚದುರಿದ್ದ ಪ್ರತಿಗಳನ್ನು ತರಿಸಿದರು. ಅನೇಕ ಪ್ರತಿಗಳಿಂದ ಒಂದು ಪಾಠವನ್ನು ಕಟ್ಟುವುದೆಂದರೆ ಇದೇ. 2015ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತೆರೆಯ ಮೇಲೆ ಬಂದ ಈ ಆವೃತ್ತಿ ಅದೇ ವರ್ಷದ ನವೆಂಬರಿನಲ್ಲಿ ಬ್ಲೂ-ರೇ ಆಗಿ ಹೊರಬಂತು.

ಡಿಸ್ಕಿನಲ್ಲಿ ಇದರ ಪರಿಣಾಮವನ್ನು ಒಂದೇ ದೃಶ್ಯದಲ್ಲಿ ತೋರಿಸಬಹುದು. ಅಪು, ದುರ್ಗಾ ಇಬ್ಬರೂ ರೈಲು ನೋಡಲು ಕಾಶಹೂವಿನ ಬಯಲಿಗೆ ಓಡುವ ಆ ಪ್ರಸಿದ್ಧ ಭಾಗವನ್ನು ನಮ್ಮಲ್ಲಿ ಬಹುಮಂದಿ ಮೊದಲು ನೋಡಿದ್ದು ಕಳಪೆ ವಿಸಿಡಿಗಳಲ್ಲೋ ದೂರದರ್ಶನದಲ್ಲೋ. ಅಲ್ಲಿ ಹೂವಿನ ಬಯಲೆಂಬುದು ಒಂದು ಬಿಳಿಯ ರಾಶಿ, ಆಕಾಶ ಇನ್ನೊಂದು ಬಿಳಿಯ ರಾಶಿ, ನಡುವೆ ಎರಡು ಕಪ್ಪು ತಲೆಗಳು. ಬ್ಲೂ-ರೇಯಲ್ಲಿ ತೆನೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ತೂಗುತ್ತವೆ, ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಬೂದುಬಣ್ಣದ ಬೇರೆ ಬೇರೆ ಛಾಯೆಗಳಿವೆ, ರೈಲಿನ ಹೊಗೆ ಆಕಾಶದಿಂದ ಪ್ರತ್ಯೇಕವಾಗಿ ಕಪ್ಪಾಗಿ ಏಳುತ್ತದೆ. ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕಿಂತ ಮೊದಲು ಸಿನಿಮಾ ಕ್ಯಾಮೆರಾ ನಡೆಸಿದವರಲ್ಲ. ಅವರು ಹಿಡಿದ ಬೆಳಕು ಎಂಥದೆಂದು ತಿಳಿಯಲು ಒಂದು ಇಡೀ ತಲೆಮಾರಿನ ನೋಡುಗರಿಗೆ ಅವಕಾಶವೇ ಸಿಕ್ಕಿರಲಿಲ್ಲ. ಹಾಗೆಂದು ಎಲ್ಲವೂ ಸಮನಾಗಿದೆಯೆಂದಲ್ಲ. ಗಮನವಿಟ್ಟು ನೋಡಿದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಚೂಪು ತಗ್ಗುವುದು, ಗ್ರೇನ್ ದಪ್ಪವಾಗುವುದು ಕಾಣುತ್ತದೆ. ಆಕರ ಬದಲಾದ ಗುರುತು ಅದು. ಕೆಲವರು ಇದನ್ನು ದೋಷವೆನ್ನುತ್ತಾರೆ. ನನಗೆ ಅದು ಪ್ರಾಮಾಣಿಕತೆ. ಮೂಲದ ಭಾಗವನ್ನೂ ಮಂಕು ಮಾಡಿ ಎರಡನ್ನೂ ಒಂದೇ ಮಟ್ಟಕ್ಕೆ ತಂದಿದ್ದರೆ ಮೋಸವಾಗುತ್ತಿತ್ತು.

ಗ್ರೇನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹೊಸದಾಗಿ ಡಿಸ್ಕ್ ನೋಡತೊಡಗಿದವರು ಹೆಚ್ಚಾಗಿ ದೂರುವುದು ಇದನ್ನೇ. ದೊಡ್ಡ ಟಿವಿ ಕೊಂಡು, ದುಬಾರಿ ಡಿಸ್ಕ್ ಹಾಕಿ ನೋಡಿದರೆ ಚಿತ್ರದ ತುಂಬ ಸಣ್ಣ ಕಾಳುಗಳು ಮಿಣಮಿಣ ಎನ್ನುತ್ತವೆ, ಇದಕ್ಕಿಂತ ಮೊಬೈಲಿನಲ್ಲೇ ಚೆನ್ನಾಗಿತ್ತು ಎನ್ನುತ್ತಾರೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೆಂಬುದು ಬೆಳ್ಳಿಯ ಆ ಕಾಳುಗಳಲ್ಲದೆ ಬೇರೇನೂ ಅಲ್ಲ. ಕಾಳನ್ನು ಒರೆಸಿದರೆ ಅದರ ಜೊತೆಗೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ, ಗೋಡೆಯ ಸುಣ್ಣದ ಒರಟು ಎಲ್ಲವೂ ಹೋಗಿ ಮುಖಗಳು ಮೇಣದ ಗೊಂಬೆಗಳಂತಾಗುತ್ತವೆ. 1970ರ 'ಪ್ಯಾಟನ್' ಚಿತ್ರದ 2008ರ ಬ್ಲೂ-ರೇ ಈ ವಿಷಯದಲ್ಲಿ ಕುಖ್ಯಾತಿ ಪಡೆದದ್ದು ಡಿಸ್ಕ್ ಅಭಿಮಾನಿಗಳಿಗೆಲ್ಲ ಗೊತ್ತು. 65 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದ, ಅಸಾಧಾರಣ ವಿವರವುಳ್ಳ ಚಿತ್ರವನ್ನು ಕಂಪ್ಯೂಟರಿನಿಂದ ಉಜ್ಜಿ ನುಣ್ಣಗೆ ಮಾಡಿದ್ದರು. 2012ರಲ್ಲಿ ಹೊಸ ಆವೃತ್ತಿ ಬಂತು, ಗ್ರೇನ್ ಮರಳಿತು. ಅಂದಹಾಗೆ, ಡಿಸ್ಕಿನ ಮೇಲೆ ದೂರು ಹೇಳುವ ಮೊದಲು ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆ, ಬಣ್ಣವನ್ನು ಕಣ್ಣು ಕುಕ್ಕುವಂತೆ ಮಾಡುವ ಆಯ್ಕೆ ಎರಡನ್ನೂ ಬಂದ್ ಮಾಡಿ ನೋಡುವುದು ಒಳ್ಳೆಯದು; ಸ್ನೇಹಿತರ ಮನೆಗಳಲ್ಲಿ ನಾನು ಕೇಳಿದ ಅರ್ಧಕ್ಕರ್ಧ ದೂರುಗಳು ಅಲ್ಲಿಗೇ ಮುಗಿದಿವೆ.

ಚೌಕಟ್ಟಿನ ವಿಷಯದಲ್ಲಿ ನಡೆದ ಜಗಳಗಳಲ್ಲಿ ನನಗೆ ಪ್ರಿಯವಾದದ್ದು ಸ್ಟ್ಯಾನ್ಲಿ ಕ್ಯೂಬ್ರಿಕ್‌ನ 'ಬ್ಯಾರಿ ಲಿಂಡನ್' ಕುರಿತದ್ದು, ಏಕೆಂದರೆ ಅದು ಕೂಗಾಟದಿಂದ ತೀರ್ಮಾನವಾಗಲಿಲ್ಲ, ಕಾಗದದಿಂದ ಆಯಿತು. 1975ರ ಈ ಚಿತ್ರವನ್ನು 2011ರಲ್ಲಿ ಬ್ಲೂ-ರೇಗೆ ತಂದಾಗ ಅಗಲ-ಎತ್ತರದ ಅನುಪಾತವನ್ನು ಇಂದಿನ ಟಿವಿಗಳಿಗೆ ಒಪ್ಪುವಂತೆ 1.78 ಎಂದು ಇಟ್ಟಿದ್ದರು. ಹಿಂದೆ 1.66ರಲ್ಲಿ ನೋಡಿದ್ದವರು ತಕರಾರು ತೆಗೆದರು. ಕ್ಯೂಬ್ರಿಕ್ ಜೊತೆಗೆ ದೀರ್ಘಕಾಲ ದುಡಿದ ಸಹಾಯಕರೇ ಹೊಸ ಅಳತೆ ಸರಿಯೆಂದು ಸಮರ್ಥಿಸಿದ್ದರಿಂದ ತಕರಾರುದಾರರ ಬಾಯಿ ಮುಚ್ಚಿದಂತಾಗಿತ್ತು. ಅಷ್ಟರಲ್ಲಿ 1975ರ ಡಿಸೆಂಬರಿನಲ್ಲಿ ಕ್ಯೂಬ್ರಿಕ್ ಪ್ರೊಜೆಕ್ಟರ್ ನಡೆಸುವವರಿಗೆ ಬರೆದ ಪತ್ರವೊಂದು ಬೆಳಕಿಗೆ ಬಂತು. ಚಿತ್ರವನ್ನು 1.66ರಲ್ಲಿ ತೆಗೆಯಲಾಗಿದೆ, ಅದರಲ್ಲೇ ತೋರಿಸಿ, ಏನೇ ಆದರೂ 1.75ರ ಆಚೆಗೆ ಕತ್ತರಿಸಬೇಡಿ ಎಂಬುದು ಅದರ ಸಾರ. ನಿರ್ದೇಶಕನ ಆಪ್ತನ ನೆನಪಿಗೂ ನಿರ್ದೇಶಕನ ಸಹಿಯಿರುವ ಕಾಗದಕ್ಕೂ ಭೇದ ಬಂದಾಗ ಯಾವುದನ್ನು ನಂಬಬೇಕೆಂಬುದರಲ್ಲಿ ಸಂಪಾದಕನಿಗೆ ಗೊಂದಲವಿರಬಾರದು. 2017ರ ಕ್ರೈಟೀರಿಯನ್ ಆವೃತ್ತಿ 1.66ಕ್ಕೆ ಮರಳಿತು. ಕತ್ತರಿಸಿದ್ದು ಎತ್ತರದ ಶೇಕಡಾ 7ರಷ್ಟು ಮಾತ್ರ, ಇಷ್ಟಕ್ಕೆ ಇಷ್ಟೆಲ್ಲ ರಂಪವೇ ಎನ್ನುವವರಿಗೆ, ಆ ಚಿತ್ರದ ಪ್ರತಿ ಶಾಟ್ ಹದಿನೆಂಟನೆಯ ಶತಮಾನದ ವರ್ಣಚಿತ್ರದ ಹಾಗೆ ಅಳೆದು ಕೂರಿಸಿದ್ದು, ನೆತ್ತಿಯ ಮೇಲಿನ ಆಕಾಶವೂ ಲೆಕ್ಕದಲ್ಲಿರುವಂಥದ್ದು ಎಂದಷ್ಟೇ ಉತ್ತರಿಸಬಲ್ಲೆ.

ಇದಕ್ಕಿಂತ ತೊಡಕಿನ ಪ್ರಸಂಗವೆಂದರೆ ಕವಿಯೇ ಮುಂದೆ ಬಂದು ಪಾಠವನ್ನು ಬದಲಿಸಿದಾಗಿನದು. ಹಾಂಗ್‌ಕಾಂಗಿನ ವಾಂಗ್ ಕಾರ್-ವಾಯ್ ತಮ್ಮ ಏಳು ಚಿತ್ರಗಳ ಪುನರುದ್ಧಾರದ ಮೇಲ್ವಿಚಾರಣೆಯನ್ನು ತಾವೇ ವಹಿಸಿ, 2021ರಲ್ಲಿ ಅವು ಒಂದು ಪೆಟ್ಟಿಗೆಯಾಗಿ ಬಂದವು. ತೆರೆದು ನೋಡಿದರೆ 'ಇನ್ ದ ಮೂಡ್ ಫಾರ್ ಲವ್'ನ ಬಣ್ಣಗಳು ಹಸಿರಿಗೆ ಸರಿದಿದ್ದವು, 1.85ರ ಅಳತೆಯಲ್ಲಿ ಬಿಡುಗಡೆಯಾಗಿದ್ದ 'ಫಾಲನ್ ಏಂಜಲ್ಸ್' 2.39ಕ್ಕೆ ಹಿಗ್ಗಿ, ಮೇಲೂ ಕೆಳಗೂ ಕಡಿಮೆಯಾಗಿತ್ತು. 'ಹ್ಯಾಪಿ ಟುಗೆದರ್'ನ ನೆಗೆಟಿವ್ 2019ರ ಬೆಂಕಿಯಲ್ಲಿ ಹಾಳಾದ ಕಾರಣ ಕೆಲವು ಸ್ವಗತಗಳು ಮೊಟಕಾಗಿದ್ದವು. ಮೂರನೆಯದು ಅಪಘಾತ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಮೊದಲಿನ ಎರಡು ಮಾತ್ರ ನಿರ್ದೇಶಕನ ಆಯ್ಕೆ. ತಾನೂ ಬದಲಾಗಿದ್ದೇನೆ, ಪ್ರೇಕ್ಷಕರೂ ಬದಲಾಗಿದ್ದಾರೆ, ಹಳೆಯದನ್ನು ಇದ್ದ ಹಾಗೆ ಕೂರಿಸುವುದಕ್ಕಿಂತ ಹೊಸದಾಗಿ ಕಾಣಿಸುವುದು ತನಗೆ ಬೇಕಾಗಿತ್ತು ಎಂಬರ್ಥದ ಸಮಜಾಯಿಷಿಯನ್ನು ಅವರೇ ಬರೆದರು. ಅಭಿಮಾನಿಗಳಲ್ಲಿ ಎರಡು ಪಕ್ಷಗಳಾದವು. ಚಿತ್ರ ನಿರ್ದೇಶಕನದು, ತಿದ್ದುವ ಹಕ್ಕೂ ಅವನದೇ ಎಂದರು ಒಂದು ಪಕ್ಷದವರು. ಛಾಯಾಗ್ರಾಹಕರ ಬೆಳಕನ್ನು, ನಾವು ಚಿತ್ರಮಂದಿರದಲ್ಲಿ ಕಂಡ ಕೆಂಪನ್ನು ಇಪ್ಪತ್ತು ವರ್ಷದ ನಂತರ ಕಸಿದುಕೊಳ್ಳಲು ಯಾರಿಗೂ ಹಕ್ಕಿಲ್ಲ ಎಂದರು ಇನ್ನೊಂದು ಪಕ್ಷದವರು.

ನನ್ನ ನಿಲುವು ಎರಡಕ್ಕೂ ಪೂರ್ತಿ ಸೇರುವುದಿಲ್ಲ. ಕವಿಯೊಬ್ಬ ತನ್ನ ಕವನವನ್ನು ಮುಂದಿನ ಸಂಕಲನದಲ್ಲಿ ತಿದ್ದಿಕೊಂಡರೆ ನಾವು ಆಕ್ಷೇಪಿಸುವುದಿಲ್ಲ, ಏಕೆಂದರೆ ಹಳೆಯ ಸಂಕಲನ ಗ್ರಂಥಾಲಯದಲ್ಲಿ ಇದ್ದೇ ಇರುತ್ತದೆ. ಡಿಸ್ಕ್ ಲೋಕದಲ್ಲಿ ಹೊಸ ಆವೃತ್ತಿ ಬಂದೊಡನೆ ಹಳೆಯದು ಅಂಗಡಿಯಿಂದ ಮಾಯವಾಗುತ್ತದೆ, ಸ್ಟ್ರೀಮಿಂಗ್‌ನಲ್ಲಿಯಂತೂ ಒಂದು ಸೂಚನೆಯೂ ಇಲ್ಲದೆ ರಾತ್ರೋರಾತ್ರಿ ಅದಲುಬದಲಾಗಿರುತ್ತದೆ. ಹಸಿರು ಪಾಠವನ್ನು ಕೊಡಿ, ಪಕ್ಕದಲ್ಲಿ ಕೆಂಪು ಪಾಠವನ್ನೂ ಇಡಿ ಎಂಬುದಷ್ಟೇ ನನ್ನ ಬೇಡಿಕೆ. ಇದೇನು ಆಗದ ಮಾತಲ್ಲ. ರಷ್ಯದ ನಿರ್ದೇಶಕ ತಾರ್ಕೊವ್‌ಸ್ಕಿಯ 'ಆಂದ್ರೆಯ್ ರುಬ್ಲೆವ್' ಚಿತ್ರದ 183 ನಿಮಿಷದ ರೂಪ, 205 ನಿಮಿಷದ ಮೊದಲ ರೂಪ ಎರಡನ್ನೂ ಕ್ರೈಟೀರಿಯನ್ 2018ರಲ್ಲಿ ಒಂದೇ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿದೆ. ಯಾವುದನ್ನು ನೋಡಬೇಕೆಂಬುದು ನೋಡುವವನಿಗೆ ಬಿಟ್ಟದ್ದು. ನನ್ನ ಬಳಿ 'ಇನ್ ದ ಮೂಡ್ ಫಾರ್ ಲವ್'ನ 2012ರ ಹಳೆಯ ಬ್ಲೂ-ರೇ ಇದೆ. ಅದನ್ನು ಯಾರಿಗೂ ಎರವಲು ಕೊಡುವುದಿಲ್ಲ.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಡಿಸ್ಕ್ ಸಂಸ್ಕೃತಿ ಇರಲೇ ಇಲ್ಲ ಎಂದರೆ ಸುಳ್ಳಾದೀತು. ಮೋಸರ್ ಬೇರ್ ಸಂಸ್ಥೆ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ತೊಡಗಿದ ಕಾಲದಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲೂ ಸಿನಿಮಾಗಳು ಪುಸ್ತಕಗಳ ಹಾಗೆ ನೇತಾಡುತ್ತಿದ್ದವು. ಅದೇ ಕಾಲದಲ್ಲಿ ಬೆಂಗಳೂರಿನ ಸಿನಿಮಾಸಕ್ತರು ಬರ್ಗ್‌ಮನ್, ಕುರೊಸಾವಾ ಎಂದು ಹುಡುಕಿಕೊಂಡು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಮೆಟ್ಟಿಲು ಹತ್ತಿಳಿಯುತ್ತಿದ್ದರೆಂಬುದೂ, ಅಲ್ಲಿ ಸಿಗುತ್ತಿದ್ದವು ಅಸಲಿ ಪ್ರತಿಗಳಾಗಿರಲಿಲ್ಲವೆಂಬುದೂ ಗುಟ್ಟೇನಲ್ಲ. ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು 1970ರ ದಶಕದಿಂದ ಬೆಳೆಸಿದ ರುಚಿ ಮನೆಯ ಕಪಾಟಿಗೆ ಇಳಿಯಲು ಬೇರೆ ದಾರಿ ಕಡಿಮೆಯಿತ್ತು. ವಿದೇಶದಿಂದ ತರಿಸಿದರೆ ಡಾಲರಿನ ಬೆಲೆ, ಅಂಚೆ, ಸುಂಕ ಎಲ್ಲ ಸೇರಿ ಒಂದು ಡಿಸ್ಕ್ ಒಂದು ವಾರದ ದಿನಸಿಯಷ್ಟಾಗುತ್ತದೆ. ಅದರ ಮೇಲೆ ಪ್ರಾಂತದ ಬೀಗ ಬೇರೆ. ಭಾರತದ ಡಿವಿಡಿ ಪ್ರಾಂತ 5, ಬ್ಲೂ-ರೇ ಪ್ರಾಂತ ಸಿ. ಅಮೆರಿಕದ ಎ, ಬ್ರಿಟನ್ನಿನ ಬಿ ಡಿಸ್ಕುಗಳು ಇಲ್ಲಿನ ಸಾಮಾನ್ಯ ಪ್ಲೇಯರಿನಲ್ಲಿ ಓಡುವುದಿಲ್ಲ. 4ಕೆ ಡಿಸ್ಕುಗಳಿಗೆ ಈ ಬೀಗವಿಲ್ಲ ಎಂಬುದು ಅವುಗಳ ದೊಡ್ಡ ಗುಣ.

ಕನ್ನಡ ಚಿತ್ರಗಳ ಡಿಸ್ಕುಗಳು ಅಗ್ಗವಾಗಿ ಸಿಕ್ಕವು ನಿಜ, ಆದರೆ ಪಾಠದ ದೃಷ್ಟಿಯಿಂದ ಅವುಗಳ ಸ್ಥಿತಿ ನೆನೆಸಿಕೊಂಡರೆ ಬೇಸರವಾಗುತ್ತದೆ. ನನ್ನ ಕಪಾಟಿನಲ್ಲಿರುವ ಒಂದು ಹಳೆಯ ಚಿತ್ರದ ಡಿವಿಡಿಯನ್ನೇ ತೆಗೆದುಕೊಳ್ಳಿ. ಹೊರತಂದವರ ಹೆಸರು ಬೇಡ. ಮೂರು ಚಿತ್ರಗಳನ್ನು ಒಂದೇ ಡಿಸ್ಕಿಗೆ ತುರುಕಿರುವುದರಿಂದ ವೇಗದ ಚಲನೆ ಬಂದಾಗಲೆಲ್ಲ ಚಿತ್ರ ಚೌಕುಳಿ ಚೌಕುಳಿಯಾಗಿ ಒಡೆಯುತ್ತದೆ. ಬಲಗಡೆಯ ಮೇಲಿನ ಮೂಲೆಯಲ್ಲಿ ಕಂಪನಿಯ ಲಾಂಛನ ಸಿನಿಮಾ ಮುಗಿಯುವವರೆಗೂ ಕದಲದೆ ಕೂತಿದೆ. ನಾಯಕಿ ಮಲಗಿದ್ದಲ್ಲೇ ಕಣ್ಣೀರು ಹಾಕುವ ಹೊತ್ತಿಗೆ ಸರಿಯಾಗಿ ತೆರೆಯ ಕೆಳಗೆ ಕ್ಯಾಸೆಟ್ ಅಂಗಡಿಯ ಫೋನ್ ನಂಬರು ಹರಿದುಹೋಗುತ್ತದೆ. ಹಳಗನ್ನಡದ ವಿದ್ವಾಂಸರು ಇಂಥದ್ದನ್ನು ಪ್ರಕ್ಷಿಪ್ತ, ಎಂದರೆ ಬೇರೆಯವರು ಆಮೇಲೆ ಸೇರಿಸಿದ್ದು ಎಂದು ಗುರುತಿಸಿ ತೆಗೆದುಹಾಕುತ್ತಿದ್ದರು. ಇಲ್ಲಿ ತೆಗೆಯಲು ಉಪಾಯವಿಲ್ಲ, ಏಕೆಂದರೆ ಎಷ್ಟೋ ಚಿತ್ರಗಳಿಗೆ ಮನೆಯಲ್ಲಿ ನೋಡಲು ಸಿಗುವ ಏಕೈಕ ಪ್ರತಿಯೇ ಅಂಥದ್ದು. ಯೂಟ್ಯೂಬಿಗೆ ಏರಿರುವ ಪ್ರತಿಗಳೂ ಬಹುಮಟ್ಟಿಗೆ ಇದೇ ವಂಶದವು.

ಹಳೆಯ ಕನ್ನಡ ಚಿತ್ರಗಳಿಗೆ ಹಣ ಹಾಕಿದವರು ಯಾರೂ ಇಲ್ಲವೆಂದಲ್ಲ. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ತುಂಬಿ ಮರುಬಿಡುಗಡೆ ಮಾಡಿದರು. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' 2018ರಲ್ಲಿ ಸಿನಿಮಾಸ್ಕೋಪ್ ಚೌಕಟ್ಟಿನಲ್ಲಿ, ಹೊಸ ಧ್ವನಿಯೊಂದಿಗೆ ಚಿತ್ರಮಂದಿರಕ್ಕೆ ಬಂತು. ಇವುಗಳಿಂದ ಹೊಸ ತಲೆಮಾರು ರಾಜಕುಮಾರ್ ಅವರನ್ನು, ವಿಷ್ಣುವರ್ಧನ್ ಅವರನ್ನು ದೊಡ್ಡ ತೆರೆಯ ಮೇಲೆ ನೋಡುವಂತಾಯಿತು, ಚಪ್ಪಾಳೆ ಹೊಡೆಯಿತು. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಇದಕ್ಕೆ ಪುನರುದ್ಧಾರವೆಂಬ ಹೆಸರು ಸಲ್ಲದು. ಕಪ್ಪು-ಬಿಳುಪಿಗಾಗಿ ಬೆಳಕು ಕೂರಿಸಿದ ಛಾಯಾಗ್ರಾಹಕ ನೆರಳಿನಿಂದ ಮಾಡಿಸಿದ ಕೆಲಸವನ್ನು ಬಣ್ಣ ಕೆಡಿಸುತ್ತದೆ. ಚೌಕಟ್ಟಿನ ಲೆಕ್ಕ ಇನ್ನೂ ಕ್ರೂರ: 1.37 ಅಳತೆಯ ಚಿತ್ರವೊಂದನ್ನು ಅಗಲ ಬಿಡದೆ 2.35ಕ್ಕೆ ಕತ್ತರಿಸಿದರೆ ಎತ್ತರದ ಐದರಲ್ಲಿ ಎರಡು ಭಾಗ ಕಸದ ಬುಟ್ಟಿಗೆ ಹೋಗುತ್ತದೆ, ಕತ್ತರಿಸದೆ ಹಿಗ್ಗಿಸಿದರೆ ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಬಣ್ಣ ತುಂಬುವವರು ತುಂಬಲಿ. ಅದರ ಜೊತೆಗೆ ಮೂಲ ಕಪ್ಪು-ಬಿಳುಪು ರೂಪವನ್ನೂ ಅದೇ ಮುತುವರ್ಜಿಯಿಂದ ಶುದ್ಧಗೊಳಿಸಿ ಒಂದು ಡಿಸ್ಕಿನಲ್ಲಿ ಕೊಟ್ಟಿದ್ದರೆ ನನ್ನಂಥವರ ಬಾಯಿ ಮುಚ್ಚುತ್ತಿತ್ತು.

ಈ ಹಿನ್ನೆಲೆಯಲ್ಲಿ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ ಒದಗಿದ ಭಾಗ್ಯ ದೊಡ್ಡದು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ಬಂದು ಸ್ವರ್ಣಕಮಲ ಪಡೆದ ಈ ಚಿತ್ರವನ್ನು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ 4ಕೆಯಲ್ಲಿ ಪುನರುದ್ಧಾರ ಮಾಡಿಸಿದವು. ಕೆಲಸ ನಡೆದದ್ದು ಅಪು ತ್ರಿವಳಿಗೆ ಜೀವ ಕೊಟ್ಟ ಬೊಲೊನ್ಯಾದ ಅದೇ ಪ್ರಯೋಗಶಾಲೆಯಲ್ಲಿ, ಮೊದಲ ಪ್ರದರ್ಶನ ಕಂಡದ್ದು 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ. ಆ ಪ್ರಯೋಗಶಾಲೆಯಿಂದ ಬರುವ ಬಣ್ಣದ ಚಿತ್ರಗಳೆಲ್ಲ ಅರಿಸಿನ ಬಳಿದಂತಿರುತ್ತವೆ ಎಂಬುದು ಡಿಸ್ಕ್ ಅಭಿಮಾನಿಗಳ ಹಳೆಯ ಚುಡಾಯಿಸುವಿಕೆ. ಆ ಮಾತಿನಲ್ಲಿ ಅಷ್ಟಿಷ್ಟು ಹುರುಳೂ ಇದೆ. 'ಘಟಶ್ರಾದ್ಧ' ಕಪ್ಪು-ಬಿಳುಪಿನದಾದ್ದರಿಂದ ಆ ಭಯವಿಲ್ಲ. ಇಲ್ಲಿ ಎಚ್ಚರವಹಿಸಬೇಕಾದದ್ದು ಕಪ್ಪಿನ ಆಳದ ವಿಷಯದಲ್ಲಿ. ಎಸ್. ರಾಮಚಂದ್ರ ಅವರ ಛಾಯಾಗ್ರಹಣದಲ್ಲಿ, ವೇದಪಾಠಶಾಲೆ ನಡೆಸುವ ಉಡುಪರ ಮನೆಯ ಒಳಕೋಣೆಗಳು, ಕಾಡಿನೊಳಗಿನ ರಾತ್ರಿಯ ದೃಶ್ಯಗಳು ತೀರ ಮಂದ ಬೆಳಕಿನವು. ಅವನ್ನು ಟಿವಿಗೆ ಅನುಕೂಲವಾಗಲೆಂದು ಬೆಳಗಿಸಿದರೆ ಅವರ ವಿಧವೆ ಮಗಳು ಯಮುನಳ ಭಯವೇ ಸಡಿಲವಾಗುತ್ತದೆ, ತೀರ ಕಪ್ಪಾಗಿಸಿದರೆ ಹುಡುಗ ನಾಣಿ ಏನನ್ನು ನೋಡುತ್ತಿದ್ದಾನೆಂಬುದೇ ತಿಳಿಯುವುದಿಲ್ಲ. ರಾಮಚಂದ್ರ ಅವರು 2011ರಲ್ಲಿ ತೀರಿಕೊಂಡರು. ಅವರ 'ಚೋಮನ ದುಡಿ'ಯೂ ಸೇರಿದಂತೆ ಕನ್ನಡದ ಹೊಸ ಅಲೆಯ ಬಹುಪಾಲು ಚಿತ್ರಗಳ ಬೆಳಕು ಹೇಗಿತ್ತೆಂದು ಅಧಿಕಾರದಿಂದ ಹೇಳಬಲ್ಲವರು ಹೀಗೆ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಪುನರುದ್ಧಾರವಾದ ಚಿತ್ರ ಉತ್ಸವದಿಂದ ಉತ್ಸವಕ್ಕೆ ಸುತ್ತುವುದು ಒಂದು ಹಂತ, ಡಿಸ್ಕಾಗಿ ನೋಡುಗನ ಕೈಗೆ ಬರುವುದು ಇನ್ನೊಂದು. 'ಘಟಶ್ರಾದ್ಧ'ದ ಡಿಸ್ಕ್ ಹೇಗಿರಬೇಕೆಂದು ನಾನು ಕೆಲವು ಗೆಳೆಯರೊಂದಿಗೆ ವಾದಿಸಿದ್ದುಂಟು. ಎಲ್ಲರೂ ಒಪ್ಪುವ ಒಂದು ಅಂಶ ಸಬ್‌ಟೈಟಲ್‌ನದು. ಮಲೆನಾಡಿನ ಬ್ರಾಹ್ಮಣರ ಮಾತಿನಲ್ಲಿ ಯಾರು ಯಾರಿಗೆ ಏನೆಂದು ಕರೆಯುತ್ತಾರೆ, ಎಲ್ಲಿ ಬಹುವಚನ ಎಲ್ಲಿ ಏಕವಚನ ಎಂಬುದರಲ್ಲೇ ಅರ್ಧ ಕಥೆಯಿದೆ. ಇಂಗ್ಲಿಷಿನಲ್ಲಿ ಅದೆಲ್ಲ ಒಂದೇ ಸರ್ವನಾಮಕ್ಕೆ ಇಳಿದುಬಿಡುತ್ತದೆ. ಇಂಗ್ಲಿಷ್ ಸಾಲುಗಳ ಜೊತೆಗೆ ಕನ್ನಡದಲ್ಲೇ ಮಾತುಗಳನ್ನು ಬರೆದು ತೋರಿಸುವ ಆಯ್ಕೆಯೂ ಇರಬೇಕೆಂಬುದು ನನ್ನ ಪಟ್ಟು. ಕಿವಿ ಕೇಳದವರಿಗೂ, ಕನ್ನಡ ಮಾತಾಡಿದರೆ ಅರ್ಥವಾಗುವ ಆದರೆ ಅಗ್ರಹಾರದ ಆ ನುಡಿಗಟ್ಟು ಕಿವಿಗೆ ಬಿದ್ದರೆ ತಡವರಿಸುವ ಹೊರನಾಡಿನ ಮಕ್ಕಳಿಗೂ ಅದು ಬೇಕು. ಬಿ.ವಿ. ಕಾರಂತರ ಸಂಗೀತವಿರುವ ಧ್ವನಿಪಥವನ್ನು ಐದು ಸ್ಪೀಕರಿಗೆ ಹಂಚದೆ ಮೂಲದ ಮೋನೋದಲ್ಲೇ ಬಿಡಬೇಕು. ಈ ವಿಷಯದಲ್ಲಿ ಮಾತ್ರ ಒಬ್ಬ ಗೆಳೆಯರು ನನ್ನೊಡನೆ ಇನ್ನೂ ಜಗಳವಾಡುತ್ತಾರೆ, ಅವರ ಮನೆಯ ಸ್ಪೀಕರುಗಳು ಬಹಳ ಚೆನ್ನಾಗಿವೆ.

ಹೆಚ್ಚುವರಿ ಸಾಮಗ್ರಿಯ ಬಗ್ಗೆ ನನಗೆ ಅತಿಯಾಸೆಯಿಲ್ಲ. ಕ್ರೈಟೀರಿಯನ್ 1984ರಲ್ಲಿ 'ಕಿಂಗ್ ಕಾಂಗ್'ನ ಲೇಸರ್‌ಡಿಸ್ಕಿನಲ್ಲಿ (ಡಿವಿಡಿಗೂ ಹಿಂದಿನ ದೊಡ್ಡ ತಟ್ಟೆ), ಚಿತ್ರ ಓಡುತ್ತಿರುವಾಗಲೇ ಒಬ್ಬ ವಿದ್ವಾಂಸ ಪಕ್ಕದಲ್ಲಿ ಕುಳಿತು ವಿವರಿಸುವ ಪದ್ಧತಿಯನ್ನು ಆರಂಭಿಸಿತು. ಕಾಸರವಳ್ಳಿಯವರೇ ಕನ್ನಡದಲ್ಲಿ ಹಾಗೊಂದು ವ್ಯಾಖ್ಯಾನವನ್ನು ಧ್ವನಿಮುದ್ರಿಸಿದರೆ ಅದೊಂದೇ ಸಾಕು, ಮಿಕ್ಕ ಸಂದರ್ಶನಗಳನ್ನು ಬಿಟ್ಟರೂ ನಡೆದೀತು. ಯಾವ ಶಾಟ್‌ನಲ್ಲಿ ಏಕೆ ಕ್ಯಾಮೆರಾವನ್ನು ಹುಡುಗನ ಎತ್ತರದಲ್ಲಿಟ್ಟರೆಂದು ಅವರ ಬಾಯಲ್ಲೇ ಕೇಳುವುದು ನಾಲ್ಕು ಲೇಖನ ಓದುವುದಕ್ಕಿಂತ ಮೇಲು. ಪುಸ್ತಿಕೆಯಲ್ಲಿ ಆಕರದ ವಿವರ ಪೂರ್ತಿಯಾಗಿ ಇರಬೇಕು: ಯಾವ ರೀಲು ಎಲ್ಲಿಂದ ಬಂತು, ಎಲ್ಲಿ ನೆಗೆಟಿವ್ ಹಾಳಾಗಿ ಪ್ರಿಂಟಿನ ಆಸರೆ ಪಡೆಯಬೇಕಾಯಿತು, ಧ್ವನಿಯನ್ನು ಯಾವುದರಿಂದ ಎತ್ತಿಕೊಂಡರು. ಬೆಲೆ ಎರಡು ಸಾವಿರ ದಾಟಿದರೂ ಗೊಣಗುತ್ತ ಕೊಳ್ಳುತ್ತೇನೆ. ಪುಸ್ತಿಕೆ ಬರೀ ಇಂಗ್ಲಿಷಿನಲ್ಲಿದ್ದರೂ, ವ್ಯಾಖ್ಯಾನವೇ ಇಲ್ಲದಿದ್ದರೂ ಕೊಳ್ಳುತ್ತೇನೆ. ಚೌಕಟ್ಟನ್ನು ಟಿವಿಯ ಅಗಲಕ್ಕೆ ಕತ್ತರಿಸಿದ್ದರೆ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.